ಕೆಂಪು ಬಾಳೆಯ ತೋಟದಲ್ಲಿ ಇಳಿದವರು

ಮೊದಲ ಕಲ್ಲು ಗುರುಪ್ರಸಾದನ ಭುಜಕ್ಕೆ ಬಿತ್ತು. ಎರಡನೆಯದು ಬೀಳುವಷ್ಟರಲ್ಲಿ ಅಂಜನಾ ಅವನನ್ನು ಬಾಳೆಗಿಡಗಳ ಮರೆಗೆ ಎಳೆದುಕೊಂಡಿದ್ದಳು.

“ಅಲ್ಲೇ ಅದಾರ! ಮಕ್ಕಳ ಕಳ್ಳರು! ಹಿಡೀರಿ!”

ಕೂಗಿದವನು ಮಾಪಣ್ಣ. ಹೆಣ್ಣು ಕೊಟ್ಟ ಮಾವ ತೀರಿಕೊಂಡ ಮೇಲೆ ಆ ಕೆಂಪು ಬಾಳೆಯ ತೋಟವನ್ನು ನೋಡಿಕೊಳ್ಳುತ್ತಿದ್ದವನು ಅವನೇ. ಅವನ ಹಿಂದೆ ಕಮಲಾಪುರದ ಅರ್ಧ ಸಂತೆಯೇ ಬಡಿಗೆ ಹಿಡಿದು ನುಗ್ಗಿ ಬರುತ್ತಿತ್ತು.

ಅವರಿಬ್ಬರು ಮಕ್ಕಳ ಕಳ್ಳರಲ್ಲ. ಅಂಜನಾ, ಗುರುಪ್ರಸಾದ ಎಂಬುವು ಅವರ ಹೆಸರುಗಳೂ ಅಲ್ಲ. ಅವರು ಬೇರೊಂದು ಲೋಕದಿಂದ ಬಂದವರು. ಅವರ ಇಬ್ಬರು ಗೆಳೆಯರು ವರ್ಷಗಳ ಹಿಂದೆ ಈ ಭೂಮಿಗೆ ಇಳಿದು ಕಾಣೆಯಾಗಿದ್ದರು. ಹುಡುಕಲು ಬಂದ ಇವರ ನೌಕೆ ಮಾಪಣ್ಣನ ತೋಟದ ಹಳ್ಳದಲ್ಲಿ ಬಿದ್ದಿತ್ತು. ಇಳಿಯುವ ಮೊದಲೇ, ಆ ಗೆಳೆಯರ ಹಾಗೆ ಇವರೂ ಇಲ್ಲಿಯವರಂತೆ ಮುಖ ಬದಲಿಸಿಕೊಂಡಿದ್ದರು. ರೇಡಿಯೋ ಕೇಳಿ ಕನ್ನಡ ಕಲಿತಿದ್ದರಿಂದ ಬಾಯಿ ತೆರೆದರೆ ವಾರ್ತೆ ಓದಿದಂತೆ ಇರುತ್ತಿತ್ತು. ಅದಕ್ಕೇ ಎಲ್ಲರಿಗೂ ಗುಮಾನಿ. ಇನ್ನೊಂದು ಕಷ್ಟವೂ ಇತ್ತು. ನಮ್ಮ ಉಪ್ಪು ಅವರಿಗೆ ವಿಷ.

ಆ ದಿನ ಬೆಳಿಗ್ಗೆ ಅವರು ಕಲಬುರಗಿಗೆ ಹೋಗಿ ಬಂದಿದ್ದರು. ಟಿಕೇಟಿಗೆ ದುಡ್ಡಿಲ್ಲವೆಂದು ಬಸ್ಸಿನ ಕಂಡಕ್ಟರ್ ಕಲಬುರಗಿಯ ಹೊರಗೇ ಬೈದು ಇಳಿಸಿದ. ಗೆಳೆಯರ ಕೊನೆಯ ಸಂದೇಶ ಬಂದಿದ್ದು ಅಲ್ಲಿನ ಗಾಜಿಪುರ ಬಡಾವಣೆಯ ಒಂದು ಮಹಡಿಯ ಕೋಣೆಯಿಂದ. ಆ ಮನೆಯೊಡತಿ ಅಕ್ಬರಿ ಬೇಗಂ ಬಾಗಿಲನ್ನು ಅರ್ಧ ತೆರೆದು ನಿಂತೇ ಮಾತಾಡಿದಳು.

“ಇಬ್ಬರಿದ್ರು. ಒಬ್ಬಂಗ ಜ್ವರ ಬಂತು, ದವಾಖಾನಿಗೆ ಒಯ್ದು ಸಲೈನ್ ಹಚ್ಚಿದ್ರು. ಬಾಟ್ಲಿ ಮುಗಿಯೂದ್ರಾಗ ಬಿಚಾರಾ ಹೋಗೇಬಿಟ್ಟ. ಇನ್ನೊಬ್ಬಾವ ಹುಚ್ಚರಂಗ ಅತ್ತ. ಆಮ್ಯಾಲ ಕಮಲಾಪುರಕ್ಕ ಹೋದಾವ ಮತ್ತ ಬರಲಿಲ್ಲ. ನೀವ್ಯಾರು? ನಡೀರಿ, ನಡೀರಿ!”

ಬಾಗಿಲು ಮುಚ್ಚಿತು. ಸಲೈನ್ ಎಂದರೆ ಉಪ್ಪುನೀರು ಎಂದು ಪಕ್ಕದ ಔಷಧಿ ಅಂಗಡಿಯವನು ಹೇಳಿದಾಗ ಅಂಜನಾ ಅಲ್ಲೇ ಕಟ್ಟೆಯ ಮೇಲೆ ಕುಸಿದಳು.

ಒಬ್ಬನಾದರೂ ಉಳಿದಿರಬೇಕು. ಆ ಆಸೆಯಿಂದ ಹಣ್ಣಿನ ಟೆಂಪೊ ಹತ್ತಿ ಕಮಲಾಪುರಕ್ಕೆ ಮರಳಿದರೆ, ನೌಕೆಗೆ ಶಕ್ತಿ ಕೊಡುವ ಗುಂಡು ಮಾಯವಾಗಿತ್ತು. ಅದಿಲ್ಲದೆ ನೌಕೆ ನೆಲ ಬಿಟ್ಟು ಕದಲದು. ಇಬ್ಬರೂ ಬಾಳೆಗಿಡಗಳ ನಡುವೆ ಅದನ್ನು ಹುಡುಕುತ್ತಿರುವಾಗಲೇ ಕಲ್ಲು ಬಿದ್ದದ್ದು.

ಓಡಲು ದಾರಿ ಇರಲಿಲ್ಲ. ಜನ ಅವರನ್ನು ಹಿಡಿದು ಎಳೆದಾಡಿದರು. ಯಾರೋ ಮರಕ್ಕೆ ಕಟ್ಟಿ ಬಡಿಯೋಣ ಎಂದರು. ಮಾಪಣ್ಣ ಅಡ್ಡ ನಿಂತ.

“ನನ್ನ ತ್ವಾಟದಾಗ ಸಿಕ್ಕಾರ. ನಾನೇ ಪೊಲೀಸರಿಗೆ ಒಪ್ಪಿಸ್ತೀನಿ. ಯಾರೂ ಮುಟ್ಟಬ್ಯಾಡ್ರಿ!”

ಬಾಳೆಗೊನೆಗಳನ್ನು ಹಣ್ಣಿಗೆ ಹಾಕುವ ಕೋಣೆಯೊಳಗೆ ಇಬ್ಬರನ್ನೂ ದಬ್ಬಿ ಬೀಗ ಜಡಿದ.

ಕಿಟಕಿಯಿಂದ ನೀರಿನ ತಂಬಿಗೆ ಚಾಚಿದವನು ಪಕ್ಕದ ಹೊಲದ ಗುಂಡಣ್ಣ. “ಪಾಪ, ನೀರರೆ ಕುಡೀಲಿ” ಎಂದ. ಇಡೀ ಊರಿನಲ್ಲಿ ಮೆತ್ತಗಿನ ಮಾತು ಅದೊಂದೇ. ಅಂಜನಾಳಿಗೆ ಆಸೆ ಚಿಗುರಿತು. ಕಾಣೆಯಾದ ಗೆಳೆಯ ಇವನೇ ಇರಬೇಕು! ಅವನ ಕೈ ಹಿಡಿದು, ತಮ್ಮ ಲೋಕದ ಭಾಷೆಯಲ್ಲಿ, “ನಿನ್ನನ್ನು ಕರೆದೊಯ್ಯಲು ಬಂದಿದ್ದೇವೆ” ಎಂದಳು.

ಗುಂಡಣ್ಣ ತಂಬಿಗೆ ಬಿಟ್ಟು ಹಿಂದಕ್ಕೆ ಜಿಗಿದ. “ಯಪ್ಪಾ! ಏನೋ ಮಂತ್ರ ಹಾಕಾಕತ್ತಾಳ!”

ಹಿಂದೆಯೇ ನಿಂತಿದ್ದ ಮಾಪಣ್ಣನ ಮುಖ ಬಿಳಿಚಿಕೊಂಡಿತು. ಕಿಟಕಿಯನ್ನು ಬಡಿದು ಮುಚ್ಚಿದ. “ಇನ್ನೊಮ್ಮೆ ಆ ಮಾತು ಆಡಿದ್ರ ನಾಲಿಗಿ ಕೀಳ್ತೀನಿ!”

ಸ್ವಲ್ಪ ಹೊತ್ತಿಗೆ ಅವನ ಹೆಂಡತಿ ಕಾವೇರಿ ಮಗಳನ್ನು ಸೊಂಟದ ಮೇಲಿಟ್ಟುಕೊಂಡು ಊಟದ ತಾಟು ತಂದಳು. ಮಾಪಣ್ಣ ಅವಳಿಗೂ ಗದರಿದ.

“ಪಲ್ಯಾ ಬ್ಯಾಡ, ಚಟ್ನಿ-ಹಿಂಡಿ ಬ್ಯಾಡ. ಬರೇ ಬಾಳಿಹಣ್ಣು ಕೊಡು. ಇಂಥವರಿಗೆ ನಮ್ಮ ಮನಿ ಉಪ್ಪು ಉಣ್ಸ್ತೀಯೇನು?”

“ಹಸದವರಿಗೆ ಹಿಂಗ ಮಾಡ್ತಾರೇನ್ರಿ?” ಎಂದಳು ಕಾವೇರಿ. ಆದರೂ ಪಲ್ಯ ತೆಗೆದಳು. ಅವನ ಹಗೆಯೇ ತಮ್ಮ ಜೀವ ಉಳಿಸಿತಲ್ಲ ಎಂದು ಅಂಜನಾ ಕಹಿಯಾಗಿ ನಕ್ಕಳು.

ಹೊತ್ತು ಇಳಿಯತೊಡಗಿತು. ಪೊಲೀಸ್ ಜೀಪಿಗೆ ದಾರಿ ತೋರಿಸಿರೆಂದು ಮಾಪಣ್ಣ ಎಲ್ಲರನ್ನೂ ದೊಡ್ಡ ರಸ್ತೆಗೆ ಅಟ್ಟಿ, ಬೀಗ ತೆಗೆದ. ಅಂಜನಾ ಕೈ ಮುಗಿದಳು.

“ನಮ್ಮ ಸ್ನೇಹಿತನೊಬ್ಬನು ಈ ಊರಿಗೆ ಬಂದಿದ್ದನು. ಅವನನ್ನು ಕಾಣದೆ ನಾವು ಹೊರಡಲಾರೆವು.”

“ಪರದೇಶಿ ಒಬ್ಬಾವ ಬಂದಿದ್ದ. ಸತ್ತ. ನಾನೇ ಮಣ್ಣು ಮಾಡೀನಿ.”

ಅಷ್ಟೇ. ಅತ್ತು ಹಗುರಾಗಲೂ ಅವನು ಬಿಡಲಿಲ್ಲ. ಬಡಿಗೆಯಿಂದ ತಿವಿಯುತ್ತ ಇಬ್ಬರನ್ನೂ ಹಳ್ಳಕ್ಕೆ ಅಟ್ಟಿದ. ನೌಕೆಯ ಮುಂದೆ ಒಂದು ಗಂಟನ್ನು ಅವರ ಕಾಲ ಬಳಿ ಎಸೆದ. ಒದ್ದೆ ಗೋಣಿ. ಬಿಚ್ಚಿದರೆ ಒಳಗೆ ಗುಂಡು! ಬರಿಗೈಯಲ್ಲಿ ಹಿಡಿದರೆ ಅಂಗೈ ಸುಟ್ಟು ಕರಕಲಾಗುವ ವಸ್ತು. ಗುರುಪ್ರಸಾದ ಗೋಣಿಯ ಸಮೇತ ಎತ್ತಿಕೊಂಡು ಒಳಗೆ ಧಾವಿಸಿದ.

“ಹೋಗ್ರಿ. ಮತ್ತ ಬರಬ್ಯಾಡ್ರಿ. ಅಲ್ಲಿಂದ ಯಾರನ್ನೂ ಕಳಸಬ್ಯಾಡ್ರಿ. ಇಲ್ಲಿ ನಿಮ್ಮವರು ಯಾರೂ ಇಲ್ಲ.”

ಮನೆಯ ಕಡೆಯಿಂದ ಮಗು ಅಳುವುದು ಕೇಳಿತು. ಮಾಪಣ್ಣ ಅತ್ತ ಒಮ್ಮೆ ತಿರುಗಿ ನೋಡಿದ. ರಸ್ತೆಯ ಕಡೆ ಜೀಪಿನ ಸದ್ದು.

ಅಂಜನಾ ನೌಕೆಯ ಮೆಟ್ಟಿಲ ಮೇಲೆ ನಿಂತು, ದಿನವಿಡೀ ತಡೆದುಕೊಂಡಿದ್ದನ್ನು ಉಗುಳಿಬಿಟ್ಟಳು.

“ನೀವು ಮನುಷ್ಯರೇ ಅಲ್ಲ!”

ಅವಳು ಒಳಗೆ ಸರಿದಳು. ನೌಕೆ ನಡುಗಿತು, ಕದ ಮುಚ್ಚಿಕೊಳ್ಳತೊಡಗಿತು. ಆಗ ಮಾಪಣ್ಣ ಬಡಿಗೆಯನ್ನು ಕದಕ್ಕೆ ಅಡ್ಡ ಕೊಟ್ಟು, ಬಗ್ಗಿ ಒಳಗೆ ಮುಖ ಚಾಚಿದ.

ಭೂಮಿಯ ಮೇಲೆ ಯಾರಿಗೂ ಬಾರದ ಅವರ ಭಾಷೆಯಲ್ಲಿ, ಮೆಲ್ಲಗೆ ಕೇಳಿದ: “ನಮ್ಮವ್ವ ಇನ್ನೂ ಇದ್ದಾಳೇನು?”