ನಲವತ್ತನಾಲ್ಕರ ಟ್ರಿಪಲ್ ಪಟ್ಟಿ

ಪಟ್ಟಿ ಸಿದ್ಧವಾಗಿ ಮೂರು ವಾರವಾಗಿತ್ತು. ನಮ್ರತಾ ಅದನ್ನು ಯಾರಿಗೂ ತೋರಿಸದೆ ಬಚ್ಚಿಟ್ಟುಕೊಂಡು ಕೂತಿದ್ದಳು.

ಅವಳ ವೀಸಾದಲ್ಲಿ ಸಂಬಳಕ್ಕೆ ದುಡಿಯುವಂತಿಲ್ಲ. ಹೊತ್ತು ಹೋಗಲೆಂದು ಅಮೆರಿಕದ ರಾಲಿ ಊರಿನ ಒಂದು ಪುಟ್ಟ ಲೈಬ್ರರಿಯಲ್ಲಿ ಬಿಟ್ಟಿ ಕೆಲಸಕ್ಕೆ ಸೇರಿದ್ದಳು. 1944ರಲ್ಲಿ, ದೊಡ್ಡವರೆಲ್ಲ ಯುದ್ಧಕ್ಕೆ ಹೋದಾಗ, ಹತ್ತಿ ಮಿಲ್ಲುಗಳ ಹುಡುಗರು ಆಡಿದ ಬೇಸ್‌ಬಾಲಿನ ಸ್ಕೋರ್ ಪುಸ್ತಕವನ್ನು ಟೈಪ್ ಮಾಡಬೇಕು. ಒಂದೇ ಹೊಡೆತಕ್ಕೆ ಮೂರನೇ ಬೇಸಿನವರೆಗೂ ಓಡಿದರೆ ಟ್ರಿಪಲ್. ಆ ವರ್ಷ ಅತಿ ಹೆಚ್ಚು ಟ್ರಿಪಲ್ ಹೊಡೆದವರ ಪಟ್ಟಿ ತಯಾರಿಸಬೇಕು.

ಆಗ ಆಡಿದವರಲ್ಲಿ ಉಳಿದಿದ್ದವರು ಹಾರ್ಲನ್ ಒಬ್ಬರೇ. ತೊಂಬತ್ತಾರು ವರ್ಷ. ಪಟ್ಟಿ ಆಯಿತೇ ಎಂದು ಪ್ರತಿ ಮಂಗಳವಾರ ಮಧ್ಯಾಹ್ನ ಒಂದಕ್ಕೆ ಫೋನ್ ಮಾಡುವರು. ಮೊದಲ ಸಲ ನಮ್ರತಾ ನಮ್ಮವರ ಅಭ್ಯಾಸದಂತೆ, ಊಟ ಆಯಿತೇ ಎಂದು ಇಂಗ್ಲಿಷಿನಲ್ಲಿ ಕೇಳಿಬಿಟ್ಟಿದ್ದಳು. ಮುದುಕರು ಅದನ್ನು ನಿಜವಾದ ಪ್ರಶ್ನೆಯೆಂದೇ ತಿಳಿದರು. ಅಂದಿನಿಂದ ಸೂಪು, ಅರ್ಧ ಸ್ಯಾಂಡ್‌ವಿಚ್, ಬೆಂದಿರದ ಬೀನ್ಸು ಎಲ್ಲದರ ವರದಿ ಒಪ್ಪಿಸಿ, "ನಿನ್ನದು?" ಎಂದು ಕೇಳುತ್ತಿದ್ದರು. ವಾರವಿಡೀ ಅವಳನ್ನು ಹಾಗೆ ಕೇಳುವವರು ಬೇರೆ ಯಾರೂ ಇರಲಿಲ್ಲ. ಗಂಡ ಚೇತನ ಕೆಲಸಕ್ಕೆಂದು ದೂರದ ರೆಸ್ಟನ್ನಿನಲ್ಲಿದ್ದ, ಶುಕ್ರವಾರ ರಾತ್ರಿ ಬರುತ್ತಿದ್ದ.

"ಸುಮ್ನೆ ಸಬ್ಮಿಟ್ ಮಾಡೇ. ಫ್ರೀ ಕೆಲ್ಸಕ್ಕೆ ಇಷ್ಟು ಟೆನ್ಷನ್ ಯಾಕೆ?" ಎಂದಿದ್ದ ಅವನು ಫೋನಿನಲ್ಲಿ.

"ಅವ್ರು ಸೆಕೆಂಡ್ ಬಂದಿದಾರೆ ಕಣೋ. ಈ ವಯಸ್ಸಲ್ಲಿ ಹೇಗೆ ಹೇಳ್ಲಿ?"

"ಇಮೇಲ್ ಮಾಡು," ಎಂದು ಮೀಟಿಂಗಿಗೆ ಹೊರಟುಹೋಗಿದ್ದ.

ಗಂಡನಿಗೆ ಅವಳು ಹೇಳಿದ್ದು ಅರ್ಧ ನಿಜ ಅಷ್ಟೆ. ಪಟ್ಟಿ ಮುಗಿಯಿತು ಎಂದರೆ ಮುದುಕರು ಇನ್ನು ಯಾಕೆ ಫೋನ್ ಮಾಡುತ್ತಾರೆ? ಅವಳಿಗೆ ಹೆದರಿಕೆಯಿದ್ದದ್ದು ಅದಕ್ಕೆ.

ಈ ಮಂಗಳವಾರ ಹಾರ್ಲನ್ ಊಟದ ಸುದ್ದಿಯನ್ನೇ ಎತ್ತಲಿಲ್ಲ. "ನನಗೆ ತೊಂಬತ್ತಾರು, ಗೊತ್ತಲ್ಲ. ಸ್ವಲ್ಪ ಬೇಗ ಮುಗಿಸಮ್ಮ," ಎಂದರು. ನಮ್ರತಾಳಿಗೆ ನಾಚಿಕೆಯಾಯಿತು.

"ಮುಗಿದಿದೆ, ಮಿಸ್ಟರ್ ಹಾರ್ಲನ್. ನಿಮ್ಮವು ಹತ್ತು ಟ್ರಿಪಲ್. ಎರಡನೇ ಸ್ಥಾನ. ಕ್ಷಮಿಸಿ."

"ಅದು ನನಗೆ ಆವತ್ತೇ ಗೊತ್ತು. ಮೊದಲನೆಯವನ ಹೆಸರು ಓದು."

"ಎಲ್ರಾಯ್ ಟಿಪ್ಟನ್. ಹನ್ನೊಂದು."

"ಇನ್ನೊಂದು ಸಲ."

ಅವಳು ಮತ್ತೆ ಓದಿದಳು. "ಆಗಸ್ಟಿನಲ್ಲಿ ಅವನನ್ನೂ ಯುದ್ಧಕ್ಕೆ ಕರೆದರು. ವಾಪಸ್ ಬರಲಿಲ್ಲ," ಎಂದರು ಹಾರ್ಲನ್. "ಆ ಹೆಸರನ್ನು ಇನ್ನೊಬ್ಬರ ಬಾಯಲ್ಲಿ ಕೇಳಿ ಎಷ್ಟೋ ವರ್ಷವಾಗಿತ್ತು. ಅಷ್ಟೇ ಬೇಕಿತ್ತು ನನಗೆ. ಇನ್ನು ನಿನಗೆ ತೊಂದರೆ ಕೊಡುವುದಿಲ್ಲ."

ಮೇಜಿನ ಮೇಲೆ ಇದ್ದದ್ದು ಆ ಒಂದೇ ಪುಸ್ತಕ, ಅದೂ ಮುಗಿದದ್ದು. "1945ರ ಪುಸ್ತಕ ಇನ್ನೂ ಬಾಕಿಯಿದೆ," ಎಂದುಬಿಟ್ಟಳು ನಮ್ರತಾ.



"ನಲವತ್ತೈದರಲ್ಲಿ ನಾವು ಆಡಲೇ ಇಲ್ಲ. ತಂಡಕ್ಕೆ ಒಂಬತ್ತು ಹುಡುಗರೂ ಉಳಿದಿರಲಿಲ್ಲ."

ಅವಳ ಮುಖ ಬಿಸಿಯಾಯಿತು.

"ಆದರೂ ಹುಡುಕುತ್ತಿರು," ಎಂದರು ಮುದುಕರು. "ಸಿಕ್ಕಿತಾ ಅಂತ ಮಂಗಳವಾರ ಕೇಳುತ್ತೇನೆ."