ಒಣಕೊಂಬೆಯ ಚೌಡಮ್ಮ

ದೇವರಾಣೆಗೂ ಇದು ನಡೆದದ್ದು. ಆದರೆ ಆ ದೇವರನ್ನು ಮಾಡಿದವನೇ ಚಾದಂಗಡಿ ಧರ್ಮಪ್ಪ. ಹಾಗಾಗಿ ಆಣೆಗೆಷ್ಟು ತೂಕವೋ ನೀವೇ ನೋಡಿ.

ಆನಂದಪುರ ದಾಟಿದ ಮೇಲಿನ ಬಸ್ ಸ್ಟಾಪಿನಲ್ಲಿ, ಮಾವಿನ ಮರದ ಒಣಕೊಂಬೆ ಕಡಿಯಲು ಬಂದ ಆಳುಗಳು ಬುಡ ನೋಡಿದ್ದೇ ಚಪ್ಪಲಿ ಬಿಟ್ಟು ನಿಂತುಬಿಟ್ಟರು. ಬುಡದಲ್ಲಿ ಅರಿಶಿನ ಕುಂಕುಮ ಬಳಿದ ಕಲ್ಲು. ಮೇಲೆ, ಮಕ್ಕಳು ಸ್ಕೂಲ್ ಬಸ್ಸಿಗೆ ಕಾಯುವ ಕಟ್ಟೆಯ ನೇರಕ್ಕೆ, ತೊಲೆಯಷ್ಟು ದಪ್ಪದ ಕೊಂಬೆ. ನಿನ್ನೆಯ ಗಾಳಿಗೆ ಅದರದೊಂದು ತುಂಡು ಕಟ್ಟೆಯ ಮೇಲೇ ಬಿದ್ದಿತ್ತು. ಭಾನುವಾರವಾದ್ದರಿಂದ ಅಲ್ಲಿ ಯಾರೂ ಇರಲಿಲ್ಲ.

"ಚೌಡಮ್ಮನ ಮರ ಇದು, ನಮ್ ಕೈಲಾಗಲ್ಲ" ಎಂದ ಮೇಸ್ತ್ರಿ ಶಿವಮೂರ್ತಿ.

ಧರ್ಮಪ್ಪನಿಗೆ ಒಳಗೊಳಗೇ ಖುಷಿ. ಹಿಂದೆ ರಸ್ತೆ ಅಗಲ ಮಾಡುವಾಗ, ಮರ ಉಳಿಯಲೆಂದು ಹೊಳೆಯಿಂದ ಕಲ್ಲು ಹೊತ್ತು ತಂದು ಚೌಡಮ್ಮನನ್ನು ಕೂರಿಸಿದವನು ಅವನೇ. ಗುಟ್ಟು ಗೊತ್ತಿದ್ದದ್ದು ಹೆಂಡತಿ ಬೆಳ್ಳಮ್ಮನಿಗೆ ಮಾತ್ರ. ಇವತ್ತು ಕೊಂಬೆ ಎಂದವರು ನಾಳೆ ಬುಡಕ್ಕೇ ಬರುತ್ತಾರೆ. ಮರ ಹೋದರೆ ನೆರಳಿಲ್ಲ, ನೆರಳಿಲ್ಲದ ಅಂಗಡಿಗೆ ಯಾರು ಬರುತ್ತಾರೆ?

"ಮುಟ್ಟಬ್ಯಾಡಿ ಮಾರಾಯ್ರೇ, ಬಾಳಾ ಉಗ್ರ ಅಮ್ಮ" ಎಂದು ಉಪ್ಪುಖಾರ ಸೇರಿಸಿದ.

ಅಷ್ಟರಲ್ಲಿ ಕಟ್ಟೆಯ ಮೇಲಿಂದ "ಹೂಂ!" ಎಂಬ ಹೂಂಕಾರ. ಹೆಗ್ಗೋಡಿನ ಕಡೆ ನಾಟಕಗಳಲ್ಲಿ ಹೆಣ್ಣುಪಾತ್ರ ಮಾಡುವ ಮೊಬೈಲಂಗಡಿ ಯೋಗರಾಜ್ ಗಡಗಡ ನಡುಗುತ್ತಿದ್ದ.

"ದರ್ಶನ ಬಂತು! ಅಮ್ಮ ಮೈಮೇಲೆ ಬಂದ್ಲು!" ಆಳುಗಳು ಕೈಮುಗಿದರು.

"ನನ್ನ ಕೈಯೊಂದು ಒಣಗಿ ಜೋತಾಡ್ತಾ ಐತೆ, ಒಬ್ರಾದ್ರೂ ನೋಡಿದ್ರೇನ್ರೋ?" ಯೋಗರಾಜನ ಬಾಯಿಂದ ಹೆಂಗಸಿನ ದನಿ ಹೊರಟಿತು. "ಮಕ್ಕಳ ತಲೆ ಮೇಲೆ ಬಿದ್ರೆ ನನ್ನ ಹೆಸರೇ ಕೆಡೋದು! ಒಣಗಿದ್ದು ತೆಗೀರಿ, ಹಸಿರು ಮುಟ್ಟಬ್ಯಾಡಿ. ಎಂತ ಬಾಯಿ ಬಿಟ್ಕಂಡು ನಿಂತೀಯೋ ಧರ್ಮಪ್ಪಾ? ಯಾವ ಹೊಳೆಯಿಂದ ನನ್ನ ಹೊತ್ಕಂಡು ಬಂದೆ ಅಂತ ಹೇಳ್ಲೇನೋ?"

ಧರ್ಮಪ್ಪ ಕಿವಿಗೊಟ್ಟ. ಈ ದನಿ ಎಲ್ಲೋ ಕೇಳಿದ್ದೇ, ಆದರೆ ಎಲ್ಲಿ ಎಂದು ಹೊಳೆಯಲೊಲ್ಲದು. ದರ್ಶನ ಸುಳ್ಳು ಎಂದು ಕೂಗೋಣವೆಂದರೆ, ದೇವಿಯೂ ಸುಳ್ಳು ಎಂದು ಒಪ್ಪಬೇಕು.

"ಅಪ್ಪಣೆ ಆತಲ್ಲ... ತೆಗೀರಿ" ಎಂದ.

ಹಗ್ಗ ಕಟ್ಟಿ, ವಾಹನ ತಡೆದು, ಕೊಂಬೆಯನ್ನು ತುಂಡು ತುಂಡಾಗಿ ಇಳಿಸಿದರು. ಒಳಗೆಲ್ಲ ಗೆದ್ದಲು, ಇಡೀ ತೋಳೇ ಒಳಹೋಗುವಷ್ಟು ಟೊಳ್ಳು. ಧರ್ಮಪ್ಪ ಆ ಟೊಳ್ಳನ್ನೊಮ್ಮೆ, ಮಕ್ಕಳು ಕೂರುವ ಕಟ್ಟೆಯನ್ನೊಮ್ಮೆ ನೋಡಿ ಕಲ್ಲಿಗೆ ಮೊದಲ ಸಲ ಮನಸ್ಸಿಟ್ಟು ಕೈಮುಗಿದ. ಹಸಿರು ಮರ ಹಾಗೇ ಇತ್ತು, ಅಂಗಡಿಯ ಮೇಲೆ ನೆರಳೂ.

ಆಗ ಅಂಗಡಿಯೊಳಗಿಂದ ಕೇಳಿಬಂತು: "ಎಂತ ಬಾಯಿ ಬಿಟ್ಕಂಡು ನಿಂತೀರಿ? ಹಾಲು ಉಕ್ಕಿ ಒಲೆ ಪಾಲಾತು!"

ಅದೇ ದನಿ, ಅದೇ ಎಳೆತ. ಶಿವಮೂರ್ತಿ ಮತ್ತವನ ಆಳುಗಳು ಗರಗಸ ಕೆಳಗಿಟ್ಟು, ಮತ್ತೆ ಚಪ್ಪಲಿ ಬಿಟ್ಟು, ಚಾದಂಗಡಿಯ ಕಡೆಗೆ ಕೈಮುಗಿದು ನಿಂತರು.

ಸೌಟು ಹಿಡಿದು ಬಾಗಿಲಿಗೆ ಬಂದ ಬೆಳ್ಳಮ್ಮ ಯೋಗರಾಜನನ್ನು ಕಂಡು ನಗು ತಡೆಯಲಾರದೆ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಧರ್ಮಪ್ಪ ಹೆಂಡತಿಯನ್ನು ನೋಡಿದ, ಯೋಗರಾಜನನ್ನು ನೋಡಿದ, ಕೈಮುಗಿದವರ ಸಾಲನ್ನು ನೋಡಿದ. ಆಮೇಲೆ ಅವನು ನಕ್ಕ ನಗೆಗೆ, ಗರಗಸದ ಸದ್ದಿಗೂ ಕದಲದ ಕಾಗೆಗಳು ಮರ ಬಿಟ್ಟು ಹಾರಿದವು.