ಗುರುವಿನ ಅಪ್ಪಣೆ

ಈಜು, ಸೈಕಲ್ಲು, ಓಟ ಮೂರನ್ನೂ ಒಂದೇ ಉಸಿರಿಗೆ ಮುಗಿಸುವ ಟ್ರಯಥ್ಲಾನ್ ಹುಚ್ಚು ಹಿಡಿದ ಮೇಲೆ ಅವನಿಗೆ ಫೋನಿನೊಳಗಿನ ಗುರುವೇ ದೇವರು. ಆ ಗುರುವಿನ ಮುಖ ಕಂಡವರಿಲ್ಲ. ಬರೆದು ಕಳಿಸಿದ್ದೆಲ್ಲ ವೇದವಾಕ್ಯ.

ಅಂದು ಬೆಳಿಗ್ಗೆ ಎದ್ದವನಿಗೆ ಎದೆ ಹಿಂಡಿದಂತಾಯಿತು.

"ರೀ, ಇವತ್ತು ಕೆರೆಗೆ ಇಳೀಬೇಡಿ. ಪ್ರಾಣಕ್ಕೇ ಅಪಾಯ ಅಂತ ಡಾಕ್ಟರು ಹೇಳಿಲ್ವಾ?" ಎಂದಳು ಹೆಂಡತಿ. ನಿನ್ನೆ ಅವನು ಬಾರಿಸಿದ್ದ ಕೆನ್ನೆ ಇನ್ನೂ ಊದಿಕೊಂಡೇ ಇತ್ತು.

"ಮುಚ್ಚೇ ಬಾಯಿ! ನಿನ್ನ ಕೇಳಿ ಉಸಿರಾಡ್ಬೇಕಾ ನಾನು? ಗುರುಗಳನ್ನ ಕೇಳ್ತೀನಿ."

"ಕೇಳಿ. ಅವರ ಮಾತಾದ್ರೂ ಕೇಳ್ತೀರಲ್ಲ," ಎನ್ನುತ್ತ ಅವಳು ಒಳಗೆ ಹೋದಳು.

ಅವನು ಬರೆದು ಕಳಿಸಿದ: "ಎದೆ ನೋಯುತ್ತಿದೆ ಗುರುಗಳೇ. ಈಜಲೇ, ಬೇಡವೇ?"

ಅಡುಗೆಮನೆಯಲ್ಲಿ ಅವಳು ಒಲೆ ಸಣ್ಣ ಮಾಡಿ, ದೇವರ ಪಟಕ್ಕೆ ಕೈಮುಗಿದು, ಸೆರಗಿಗೆ ಬೆರಳೊರೆಸಿಕೊಂಡು ತನ್ನ ಫೋನಿನಲ್ಲಿ ಉತ್ತರ ಬರೆದಳು: "ಧಾರಾಳವಾಗಿ ಇಳಿ, ಕಂದಾ."